ಇಂಗ್ಲಿಷು ಕಲಿಸಲು ಪರದೇಶಕ್ಕೆ: ಬಾಗಿಲಲ್ಲಿ ನೂಕುನುಗ್ಗಲು, ಬೆನ್ನ ಮೇಲೆ ಸಾಲ

ಕಳೆದ ತಿಂಗಳು ಸಂಘಟನೆಯ ಕೆಲಸದ ಮೇಲೆ ನಾವು ಸೇಡಂ ತಾಲೂಕಿನ ಕುರಕುಂಟಾಕ್ಕೆ ಹೋಗಿದ್ದೆವು. ಸಭೆ ಮುಗಿಸಿ ಚಹಾದ ಅಂಗಡಿಯ ಬೆಂಚಿನ ಮೇಲೆ ಕುಳಿತಿರುವಾಗ, ಅಲ್ಲಿಯ ಮುಚ್ಚಿಹೋದ ಸಿಮೆಂಟು ಕಾರಖಾನೆಯಲ್ಲಿ ಒಂದು ಕಾಲಕ್ಕೆ ದುಡಿದಿದ್ದ ಹಿರಿಯರೊಬ್ಬರು ತಮ್ಮ ಮಗನನ್ನು ಕರೆದುಕೊಂಡು ಬಂದು ಎದುರಿಗೆ ಕುಳಿತರು. "ಮಾಸ್ತರ್ರೇ, ಇವ ಇಂಗ್ಲಿಷ್ ಕಲಿಸ್ಲಾಕ ಥಾಯ್ಲೆಂಡಿಗೆ ಹೊಂಟಾನ್ರಿ. ಎರಡೂವರೆ ಲಕ್ಷ ಕೇಳ್ಯಾರ. ಎರಡೆಕರೆ ಹೊಲ ಅದ, ಅದನ್ನ ಒತ್ತಿ ಇಡಬೇಕಂತ ಮಾಡೀನ್ರಿ. ನೀವು ಸಾಲಿ ಕಲಿಸಿದವರು, ಏನಂತೀರಿ?" ಎಂದು ಕೇಳಿದರು.

ಹುಡುಗ ಬಿ.ಎ., ಬಿ.ಎಡ್. ಮುಗಿಸಿದವನು. ಇಂಗ್ಲಿಷೇ ಅವನ ವಿಷಯ. ಎರಡು ವರ್ಷ ಸರಕಾರಿ ಪ್ರೌಢಶಾಲೆಯೊಂದರಲ್ಲಿ ಅತಿಥಿ ಶಿಕ್ಷಕನಾಗಿ ದುಡಿದಿದ್ದಾನೆ. ತನ್ನ ಮೊಬೈಲಿಗೆ ಬಂದ ಪತ್ರವನ್ನು ನಮಗೆ ತೋರಿಸಿದ. ಮೇಲೆ ಒಂದು ಶಾಲೆಯ ಚಿತ್ರ, ಕೆಳಗೆ ಥಾಯ್ ಹಣದಲ್ಲಿ ಸಂಬಳದ ಅಂಕಿ. ಶಾಲೆಯ ವಿಳಾಸವಿಲ್ಲ, ಸಹಿ ಮಾಡಿದವರ ಹೆಸರಿಲ್ಲ, ಯಾವ ವೀಸಾದ ಮೇಲೆ ಕರೆದೊಯ್ಯುತ್ತಾರೆಂಬ ಮಾತಿಲ್ಲ. "ಇಪ್ಪತ್ತು ಜಾಗಕ್ಕ ಇನ್ನೂರು ಮಂದಿ ನಿಂತಾರ. ಈ ವಾರ ಅರ್ಧ ರೊಕ್ಕ ಹಾಕದಿದ್ರ ನಿನ್ನ ಜಾಗ ಬ್ಯಾರೆಯವರಿಗೆ ಹೋಗ್ತದ" ಎಂದು ದಲ್ಲಾಳಿ ಫೋನಿನಲ್ಲಿ ಹೇಳಿದ್ದನಂತೆ.

ದಲ್ಲಾಳಿಯ ಈ ಒಂದು ಮಾತು ಪೂರ್ತಿ ಸುಳ್ಳೆಂದು ನಾವು ಹೇಳಲಾರೆವು. ಪರದೇಶದಲ್ಲಿ ಇಂಗ್ಲಿಷು ಕಲಿಸುವ ಕೆಲಸಕ್ಕೆ ಇಂದು ನಿಜವಾಗಿಯೂ ನೂಕುನುಗ್ಗಲಿದೆ, ಮತ್ತು ಅದು ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿದೆ. ಆದರೆ ಆ ನೂಕುನುಗ್ಗಲು ಏಕೆ ಹುಟ್ಟಿತು, ಅದರಿಂದ ಯಾರ ಜೇಬು ತುಂಬುತ್ತಿದೆ, ಯಾರ ಹೊಲ ಒತ್ತೆ ಬೀಳುತ್ತಿದೆ ಎಂಬುದನ್ನು ನಮ್ಮ ಕಾರ್ಮಿಕ ಬಂಧುಗಳೂ ಸಣ್ಣ ವ್ಯಾಪಾರಸ್ಥರೂ ಕುಳಿತು ವಿಚಾರಿಸಬೇಕಾದ ಕಾಲ ಬಂದಿದೆ. ಈ ಬೇನೆ ಕುರಕುಂಟೆಯ ಒಂದು ಮನೆಗೆ ಸೇರಿದ್ದಲ್ಲ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ, ಎಲ್ಲಿ ಹೋದರೂ ಪದವಿ ಪಡೆದ ಮಕ್ಕಳು ಮನೆಯಲ್ಲಿ ಕುಳಿತಿದ್ದಾರೆ, ತಂದೆಗಳು ದಾರಿ ಕೇಳುತ್ತಿದ್ದಾರೆ.

ನಮ್ಮ ವಿಷಯವನ್ನೂ ಮೊದಲೇ ಹೇಳಿಬಿಡುವುದು ಮೇಲು. ನಾವು ಮೆಟ್ರಿಕ್ಕಿನವರೆಗೆ ಮಾತ್ರ ಓದಿದವರು. ಪಕ್ಷದ ಕೆಲಸಕ್ಕೆ ಬರುವ ಮೊದಲು ಒಂದು ಖಾಸಗಿ ಶಾಲೆಯಲ್ಲಿ ಚಿಕ್ಕ ಮಕ್ಕಳಿಗೆ ಪಾಠ ಹೇಳಿದೆವು. ಬಾಗಿಲ ಮೇಲೆ ಇಂಗ್ಲಿಷ್ ಮೀಡಿಯಂ ಎಂಬ ದೊಡ್ಡ ಬೋರ್ಡು, ಒಳಗೆ ಇಂಗ್ಲಿಷು ನೆಟ್ಟಗೆ ಬಾರದ ನಮ್ಮಂಥ ಮಾಸ್ತರರು. ಪಾಲಕರಿಂದ ಪಡೆದ ಫೀ ಎಷ್ಟು, ನಮ್ಮ ಕೈಗೆ ಬಂದ ಪಗಾರ ಎಷ್ಟು ಎಂಬ ಲೆಕ್ಕ ನಮಗೆ ಇನ್ನೂ ನೆನಪಿದೆ. ಇಂಗ್ಲಿಷು ಹೇಗೆ ಮಾರಾಟವಾಗುತ್ತದೆ ಎಂಬುದನ್ನು ನಾವು ಅಂಗಡಿಯ ಒಳಗೆ ನಿಂತು ಕಂಡಿದ್ದೇವೆ. ಆದ ಕಾರಣ ಪರದೇಶಕ್ಕೆ ಹೊರಟವರನ್ನು ಆಸೆಬುರುಕರೆಂದು ಜರಿಯುವ ಹಕ್ಕು ನಮಗಿಲ್ಲ, ಆ ಇಚ್ಛೆಯೂ ಇಲ್ಲ.

ಹಿಂದೆ ಹೋದವರು ಹೇಗೆ ಹೋದರು

ಭಾರತದ ಮಾಸ್ತರರು ಪರದೇಶಕ್ಕೆ ಹೋಗುವುದು ಹೊಸ ಮಾತಲ್ಲ. ಹೈಲೆ ಸೆಲಾಸಿ ಚಕ್ರವರ್ತಿಯ ಕಾಲದಲ್ಲಿ ಇಥಿಯೋಪಿಯಾದ ಶಾಲೆಗಳಿಗೆ ನಮ್ಮ ದೇಶದಿಂದ ಸಾವಿರಾರು ಶಿಕ್ಷಕರು ಹೋದರು. ಕೇರಳದವರು ಹೆಚ್ಚು, ಉಳಿದ ಕಡೆಯವರೂ ಇದ್ದರು. 1974ರಲ್ಲಿ ಆ ಅರಸೊತ್ತಿಗೆ ಉರುಳಿತು. 1970ರ ದಶಕದಲ್ಲಿ ನೈಜೀರಿಯಾಕ್ಕೆ ಎಣ್ಣೆಯ ಹಣ ಬಂತು. 1976ರಲ್ಲಿ ಆ ದೇಶ ಎಲ್ಲ ಮಕ್ಕಳಿಗೂ ಪ್ರಾಥಮಿಕ ಶಿಕ್ಷಣ ಕೊಡುವ ಯೋಜನೆ ಹೂಡಿತು. ಒಮ್ಮೆಲೇ ಶಾಲೆಗಳು ಹೆಚ್ಚಿದವು, ಶಿಕ್ಷಕರು ಸಾಲದೆ ಬಂದರು, ಭಾರತದವರಿಗೆ ಕರೆ ಬಂತು. 1980ರ ದಶಕದಲ್ಲಿ ಎಣ್ಣೆಯ ಧಾರಣೆ ಬಿತ್ತು, ಅವರ ನಾಣ್ಯದ ಬೆಲೆ ಕುಸಿಯಿತು, ನಮ್ಮವರು ಪೆಟ್ಟಿಗೆ ಕಟ್ಟಿಕೊಂಡು ಮರಳಿದರು.

ಇಲ್ಲಿ ಗಮನಿಸತಕ್ಕ ಸಂಗತಿ ಒಂದುಂಟು. ಆಗ ಕೆಲಸ ಕೊಡುತ್ತಿದ್ದವರು ಬಹುಮಟ್ಟಿಗೆ ಆಯಾ ಸರಕಾರಗಳು. ಅವರಿಗೆ ಶಿಕ್ಷಕರ ಕೊರತೆ ಇತ್ತು, ನಮ್ಮಲ್ಲಿ ಓದಿದವರಿದ್ದರು. ಮುಂದೆ ಆ ದೇಶಗಳು ತಮ್ಮ ಮಕ್ಕಳನ್ನೇ ಶಿಕ್ಷಕರನ್ನಾಗಿ ತಯಾರು ಮಾಡಿಕೊಂಡವು. ಅದು ನ್ಯಾಯವೇ, ಅದಕ್ಕಾಗಿ ನಾವು ಮರುಗಬೇಕಾಗಿಲ್ಲ. ನಾಳೆ ನಮ್ಮ ಸೇಡಮ್ಮಿನ ಶಾಲೆಗೂ ಸೇಡಮ್ಮಿನ ಮಕ್ಕಳೇ ಮಾಸ್ತರರಾಗಲಿ ಎಂದಲ್ಲವೇ ನಾವು ಕೇಳುವುದು?

ಆದರೆ ಪರದೇಶದಲ್ಲಿ ಭಾಷೆ ಕಲಿಸುವ ಕೆಲಸ ಮತ್ತೊಬ್ಬರ ಒಂದು ಆಜ್ಞೆಯ ಮೇಲೆ ನಿಂತಿರುತ್ತದೆ ಎಂಬುದನ್ನು ಮರೆಯುವಂತಿಲ್ಲ. 1986ರಲ್ಲಿ ಅಮೆರಿಕ ಬಾಂಬು ಹಾಕಿದ ಮೇಲೆ ಲಿಬಿಯಾ ಸರಕಾರ ತನ್ನ ಶಾಲೆಗಳಿಂದ ಇಂಗ್ಲಿಷನ್ನೇ ತೆಗೆದುಹಾಕಿತು. 2021ರ ಜುಲೈಯಲ್ಲಿ ಚೀನಾ ಸರಕಾರ ಶಾಲಾ ಮಕ್ಕಳ ಖಾಸಗಿ ಟ್ಯೂಷನ್ ವ್ಯಾಪಾರಕ್ಕೆ ಕಡಿವಾಣ ಹಾಕಿತು. ಪರದೇಶದಲ್ಲಿ ಕುಳಿತು ಚೀನಾದ ಮಕ್ಕಳಿಗೆ ಇಂಟರ್ನೆಟ್ಟಿನ ಮೂಲಕ ಪಾಠ ಹೇಳುವವರನ್ನು ಇಟ್ಟುಕೊಳ್ಳಬಾರದೆಂದು ವಿಧಿಸಿತು. ಅಮೆರಿಕ, ಕೆನಡಾಗಳಲ್ಲಿ ಅದನ್ನೇ ನಂಬಿದ್ದ ಅಸಂಖ್ಯ ಶಿಕ್ಷಕರ ಗಳಿಕೆ ಕೆಲವೇ ತಿಂಗಳಲ್ಲಿ ನಿಂತುಹೋಯಿತು. ಅಲ್ಲಿ ಬಾಗಿಲು ಮುಚ್ಚಿದಾಗ ಆ ಶಿಕ್ಷಕರು ಉಳಿದ ದೇಶಗಳ ಬಾಗಿಲಿಗೆ ಬಂದು ನಿಂತರು. ನೂಕುನುಗ್ಗಲಿಗೆ ಇದೊಂದು ಕಾರಣ.

ಇಂದಿನ ಬಾಗಿಲು

ಉಳಿದ ಕಾರಣಗಳನ್ನೂ ನೋಡೋಣ. ದಕ್ಷಿಣ ಕೊರಿಯಾ ಇಂಗ್ಲಿಷು ಕಲಿಸುವವರಿಗೆ ಕೊಡುವ ವೀಸಾ ಸಾಮಾನ್ಯವಾಗಿ ಏಳು ದೇಶಗಳ ಪ್ರಜೆಗಳಿಗೆ ಮೀಸಲು: ಅಮೆರಿಕ, ಬ್ರಿಟನ್, ಕೆನಡಾ, ಐರ್ಲೆಂಡ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಾ. 2010ರಲ್ಲಿ ಜಾರಿಗೆ ಬಂದ ಭಾರತ-ಕೊರಿಯಾ ಒಪ್ಪಂದದಲ್ಲಿ, ಶಿಕ್ಷಕ ತರಬೇತಿಯ ಅರ್ಹತೆಯುಳ್ಳ ಭಾರತೀಯರಿಗೆ ಸಹಾಯಕ ಶಿಕ್ಷಕರಾಗಿ ಹೋಗಲು ಒಂದು ಸಣ್ಣ ಕಿಟಕಿ ತೆರೆಯಿತು, ಬಾಗಿಲು ತೆರೆಯಲಿಲ್ಲ. ಚೀನಾ ಕೂಡ ಇಂಗ್ಲಿಷು ಮಾತೃಭಾಷೆಯಾದ ದೇಶಗಳವರನ್ನೇ ಬಯಸುತ್ತದೆ. ಅಂದರೆ ಬಿ.ಎಡ್. ಮಾಡಿ, ವ್ಯಾಕರಣ ತಿದ್ದಿ, ಎರಡು ವರ್ಷ ಐವತ್ತು ಮಕ್ಕಳ ತರಗತಿಯನ್ನು ನಡೆಸಿದ ಕುರಕುಂಟೆಯ ಹುಡುಗನಿಗಿಂತ, ಯಾವ ಶಿಕ್ಷಕ ತರಬೇತಿಯೂ ಇಲ್ಲದೆ ಪದವಿ ಮುಗಿಸಿ ಬಂದ ಲಂಡನ್ನಿನ ಹುಡುಗ ಹೆಚ್ಚಿನ ಮಾಸ್ತರನೆನಿಸಿಕೊಳ್ಳುತ್ತಾನೆ. ಅಲ್ಲಿ ಮೊದಲು ನೋಡುವುದು ಪಾಸ್‌ಪೋರ್ಟನ್ನು, ಆಮೇಲೆ ಪಾಠವನ್ನು.

ಇಂಥ ಕಟ್ಟುಪಾಡು ಸಡಿಲವಿರುವ ಥಾಯ್ಲೆಂಡಿನಂಥ ದೇಶಗಳಿಗೆ ಉಳಿದವರೆಲ್ಲ ಮುನ್ನುಗ್ಗುತ್ತಾರೆ. ಫಿಲಿಪ್ಪೀನ್ಸಿನವರು, ನೈಜೀರಿಯಾ, ಕ್ಯಾಮರೂನಿನವರು, ನಮ್ಮವರು. ಎಲ್ಲರೂ ಇಂಗ್ಲಿಷು ಓದಿದವರೇ, ಎಲ್ಲರ ಮನೆಯಲ್ಲೂ ಕಷ್ಟವಿದೆ. ಅಲ್ಲಿ ಒಂದೇ ಶಾಲೆಯಲ್ಲಿ, ಒಂದೇ ಪಾಠಕ್ಕೆ, ಬಿಳಿಯ ಮಾಸ್ತರನಿಗೊಂದು ಪಗಾರ, ಫಿಲಿಪ್ಪೀನ್ಸಿನ ಮಾಸ್ತರಿಣಿಗೆ ಅದಕ್ಕಿಂತ ಕಡಿಮೆ ಪಗಾರ ಎಂಬುದು ಎಲ್ಲರಿಗೂ ತಿಳಿದ ಸಂಗತಿ. ಫಿಲಿಪ್ಪೀನ್ಸಿನ ತರುಣ ತರುಣಿಯರು ತಮ್ಮ ಊರಿನಲ್ಲೇ ಕುಳಿತು ಜಪಾನು, ಕೊರಿಯಾಗಳ ಮಕ್ಕಳಿಗೆ ಯಂತ್ರದ ಮೂಲಕ ಪಾಠ ಹೇಳುತ್ತಾರೆ. ಗಂಟೆಗೆ ಇಷ್ಟು ಎಂದು ಕೂಲಿ. ಈಗ ಮನುಷ್ಯರ ಗೊಡವೆಯೇ ಇಲ್ಲದೆ ಮಾತಾಡಿ ತಪ್ಪು ತಿದ್ದುವ ಯಂತ್ರಗಳೂ ಬಂದಿವೆ. ಇತ್ತ ಕೊಲ್ಲಿ ದೇಶಗಳಲ್ಲಿ ತಮ್ಮ ಪ್ರಜೆಗಳಿಗೆ ಮೊದಲು ಕೆಲಸ ಎಂಬ ನೀತಿ ಬಿಗಿಯಾಗುತ್ತಿದೆ. ಸೌದಿ ಅರೇಬಿಯಾ 2011ರಲ್ಲಿ ಖಾಸಗಿ ಕಂಪನಿಗಳಿಗೂ ಈ ಲೆಕ್ಕವನ್ನು ವಿಧಿಸಿತು.

ಬೇಡಿಕೆ ಹೀಗೆ ಅಳತೆಯದಾಗಿರುವಾಗ ಹೋಗುವವರ ಸಂಖ್ಯೆ ಬೆಳೆಯುತ್ತಿರುವುದು ಹೇಗೆ? ನೂರಿಪ್ಪತ್ತು ಗಂಟೆಯ ಪಾಠ ಕೇಳಿದರೆ ಸರ್ಟಿಫಿಕೇಟು ಎಂದು ಇಂಟರ್ನೆಟ್ಟಿನಲ್ಲಿ ಅಂಗಡಿಗಳು ತೆರೆದಿವೆ. ಸರ್ಟಿಫಿಕೇಟು ಕೊಡುವವನಿಗೆ ಎಷ್ಟು ಮಂದಿ ಕೊಂಡರೂ ಲಾಭವೇ. ಕೊಂಡವರಿಗೆಲ್ಲ ಕೆಲಸ ಸಿಕ್ಕೀತೇ ಎಂಬ ಹೊಣೆ ಅವನದಲ್ಲ. ಮೇಲೆ ಇಂಗ್ಲಿಷು ಬರುತ್ತದೆಂದು ತೋರಿಸಲು ಐಇಎಲ್‌ಟಿಎಸ್ ಎಂಬ ಪರೀಕ್ಷೆ. ಅದಕ್ಕೆ ಒಂದು ಸಲ ಕುಳಿತುಕೊಳ್ಳಲು ನಮ್ಮ ದೇಶದಲ್ಲಿ 16 ಸಾವಿರ ರೂಪಾಯಿಗೂ ಮೇಲೆ ಕೊಡಬೇಕು. ಎಂ.ಎ. ಇಂಗ್ಲಿಷು ಪಾಸಾದವನೂ ಕೊಡಬೇಕು. ಅಂಕದ ಅವಧಿ ಎರಡೇ ವರ್ಷ. ಅದು ಕಳೆದರೆ ಮತ್ತೆ ರೊಕ್ಕ, ಮತ್ತೆ ಪರೀಕ್ಷೆ.

ನಮ್ಮ ತೊಗರಿ ಪೇಟೆಯನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪೇಟೆಗೆ ಮಾಲು ಮಿತಿಮೀರಿ ಬಂದಾಗ ಬೆಲೆ ಬೀಳುತ್ತದೆ. ಬಿದ್ದ ಬೆಲೆಯ ಪೆಟ್ಟು ಯಾರಿಗೆ? ಬೆಳೆದ ರೈತನಿಗೆ. ದಲಾಲಿ ಮಾಡುವವನಿಗೆ ಚೀಲದ ಲೆಕ್ಕ. ಚೀಲ ಹೆಚ್ಚಿದಷ್ಟೂ ಅವನಿಗೆ ಒಳ್ಳೆಯದೇ. ಪರದೇಶದ ಇಂಗ್ಲಿಷ್ ಮಾಸ್ತರಿಕೆಯ ಪೇಟೆಯೂ ಹೀಗೆಯೇ ನಡೆದಿದೆ. ಒಂದೇ ಭೇದವೆಂದರೆ, ಇಲ್ಲಿ ಚೀಲದಲ್ಲಿರುವುದು ತೊಗರಿಯಲ್ಲ, ನಮ್ಮ ಮಕ್ಕಳು. ಈ ಪೇಟೆಯಲ್ಲಿ ಫಿಲಿಪ್ಪೀನ್ಸಿನ ಹುಡುಗಿಯಾಗಲಿ ನೈಜೀರಿಯಾದ ಹುಡುಗನಾಗಲಿ ನಮ್ಮ ಹುಡುಗನ ವೈರಿಯಲ್ಲ. ಅವರನ್ನು ಒಬ್ಬರ ಮೇಲೊಬ್ಬರನ್ನು ಛೂ ಬಿಟ್ಟು ಪಗಾರ ಇಳಿಸುವವನ ಮೇಲೆ ನಮ್ಮ ದೃಷ್ಟಿ ಇರತಕ್ಕದ್ದು.

ಒಂದು ಫೋನ್ ಕರೆ

ಕುರಕುಂಟೆಯ ಆ ಬೆಂಚಿನ ಮೇಲಿಂದಲೇ ನಾವು ದಲ್ಲಾಳಿಗೆ ಫೋನು ಮಾಡಿಸಿ ಮೂರು ಪ್ರಶ್ನೆ ಕೇಳಿದೆವು. ಮೊದಲನೆಯದು: 1983ರ ವಲಸೆ ಕಾಯಿದೆಯ ಪ್ರಕಾರ ಪರದೇಶದ ಕೆಲಸಕ್ಕೆ ಜನರನ್ನು ಕಳಿಸುವವನು ಕೇಂದ್ರ ಸರಕಾರದಲ್ಲಿ ನೋಂದಾಯಿಸಿಕೊಂಡಿರಬೇಕು, ನಿಮ್ಮ ನೋಂದಣಿ ನಂಬರು ಏನು? "ಆಫೀಸಿನಲ್ಲಿದೆ" ಎಂದ. ಎರಡನೆಯದು: ನೋಂದಾಯಿತ ಏಜೆಂಟನೂ ಕೆಲಸಗಾರನಿಂದ 30 ಸಾವಿರ ರೂಪಾಯಿ ಮತ್ತು ಅದರ ತೆರಿಗೆಗಿಂತ ಹೆಚ್ಚು ಸೇವಾ ಶುಲ್ಕ ಪಡೆಯುವಂತಿಲ್ಲ, ಎರಡೂವರೆ ಲಕ್ಷ ಯಾವ ಬಾಬತ್ತು, ರಸೀದಿ ಕೊಡುತ್ತೀರಾ? "ಅದೆಲ್ಲಾ ಅಲ್ಲಿಯ ಖರ್ಚು" ಎಂದ. ಮೂರನೆಯದು: ಯಾವ ವೀಸಾ? ಈ ಪ್ರಶ್ನೆಗೆ ಫೋನು ಕಟ್ಟಾಯಿತು.

ಮೂರನೆಯ ಪ್ರಶ್ನೆಯಲ್ಲೇ ಎಲ್ಲ ಮರ್ಮವಿದೆ. 2023ರ ನವೆಂಬರಿನಲ್ಲಿ ಥಾಯ್ಲೆಂಡು ವೀಸಾ ಇಲ್ಲದೆ ಬಂದುಹೋಗಲು ಭಾರತೀಯರಿಗೆ ಅವಕಾಶ ಕೊಟ್ಟಿತು. ಅದು ಊರು ನೋಡಿ ಬರುವವರಿಗೆ, ದುಡಿಯುವವರಿಗಲ್ಲ. ಪಾಠ ಹೇಳಬೇಕಾದರೆ ಕೆಲಸದ ವೀಸಾ ಬೇಕು, ಅಲ್ಲಿಯ ಸರಕಾರದ ಕೆಲಸದ ಪರವಾನಗಿ ಬೇಕು. ಇವೆರಡಿಲ್ಲದೆ ಹೋದವನು ಕಾಯಿದೆಯ ಕಣ್ಣಿಗೆ ಅಪರಾಧಿ. ಪಗಾರ ಕೊಡದಿದ್ದರೆ ಠಾಣೆಗೆ ಹೋಗಿ ದೂರು ಹೇಳುವ ಧೈರ್ಯವೂ ಅವನಿಗೆ ಇರುವುದಿಲ್ಲ. ಮಾಲಕನಿಗೆ ಇಂಥ ಆಳಿಗಿಂತ ಅಗ್ಗದ ಆಳು ಎಲ್ಲಿ ಸಿಕ್ಕಾನು?

ಇದಕ್ಕಿಂತ ಕೆಟ್ಟದ್ದೂ ಆಗಿದೆ. ಥಾಯ್ಲೆಂಡಿನಲ್ಲಿ ಒಳ್ಳೆಯ ನೌಕರಿ ಎಂದು ನಂಬಿಸಿ ಕರೆದೊಯ್ದು, ಗಡಿ ದಾಟಿಸಿ ಮ್ಯಾನ್ಮಾರಿನಲ್ಲಿ ಕೂಡಿಹಾಕಿ, ಇಂಟರ್ನೆಟ್ಟಿನ ಮೋಸದ ದಂಧೆಗೆ ಹಚ್ಚಿದ ಸುದ್ದಿಗಳು 2022ರಿಂದ ಬರುತ್ತಲೇ ಇವೆ. ನಮ್ಮ ವಿದೇಶಾಂಗ ಇಲಾಖೆಯೇ ಎಚ್ಚರಿಕೆ ಹೊರಡಿಸಿದೆ. ದೂರದ ಮಾತೇಕೆ? ನಮ್ಮ ಕಲಬುರಗಿ ಜಿಲ್ಲೆಯ ಕೆಲವು ಯುವಕರು ರಷ್ಯಾದಲ್ಲಿ ಕಾವಲಿನ ಕೆಲಸವೆಂದು ನಂಬಿ ಹೋಗಿ, ಉಕ್ರೇನಿನ ಯುದ್ಧದ ಬೆಂಕಿಯ ಬಾಯಿಗೆ ಬಿದ್ದದ್ದು 2024ರ ಫೆಬ್ರವರಿಯಲ್ಲಿ ಬಯಲಾಯಿತು. ಅವರು ಮನೆ ಮುಟ್ಟಲು ಸೆಪ್ಟೆಂಬರು ಬರಬೇಕಾಯಿತು. ಆ ತಾಯಂದಿರು ಏಳು ತಿಂಗಳು ಹೇಗೆ ಕಳೆದರೋ ಅವರೇ ಬಲ್ಲರು.

ಇದನ್ನೆಲ್ಲ ನಾವು ಹುಡುಗನಿಗೆ ಹೇಳಿದೆವು. ಅವನು ತಲೆ ತಗ್ಗಿಸಿ ಕೇಳಿದ. ಆಮೇಲೆ, "ಸರ, ನೀವು ಹೇಳಿದ್ದು ಖರೆ ಅದ. ಆದ್ರ ನಾ ಎಲ್ಲಿಗಿ ಹೋಗ್ಲಿ, ಅದನ್ನ ಹೇಳ್ರಿ" ಎಂದ. ನಮ್ಮ ಬಾಯಿ ಕಟ್ಟಿತು. ಹೋಗಬೇಡ ಎಂಬುದು ಉತ್ತರವಲ್ಲ. ಹೊಟ್ಟೆಯ ಪ್ರಶ್ನೆಗೆ ಎಚ್ಚರಿಕೆಯ ಮಾತು ಅನ್ನವಾಗುವುದಿಲ್ಲ.

ಕುರಕುಂಟೆ ಕಂಡ ಎರಡು ಸಂಗತಿ

ಉತ್ತರ ಹುಡುಕುವ ಮೊದಲು ಆ ಊರನ್ನೇ ಒಮ್ಮೆ ನೋಡಬೇಕು. ಕೇಂದ್ರ ಸರಕಾರದ ಸಿಮೆಂಟ್ ಕಾರ್ಪೊರೇಷನ್ 1972ರಲ್ಲಿ ಕುರಕುಂಟೆಯಲ್ಲಿ ಕಾರಖಾನೆ ಹೂಡಿತು. ಸುಣ್ಣದ ಕಲ್ಲು ನಮ್ಮ ನೆಲದ್ದು, ದುಡಿಮೆ ನಮ್ಮ ಜನರದ್ದು. ಒಬ್ಬನಿಗೆ ಕಾಯಂ ನೌಕರಿಯಾದರೆ ಹತ್ತು ಜನರ ಮನೆ ನಡೆಯುತ್ತಿತ್ತು. ಕಿರಾಣಿ ಅಂಗಡಿಯವನೂ ದರ್ಜಿಯೂ ತಿಂಗಳ ಮೊದಲ ವಾರವನ್ನು ನಂಬಿ ಉದ್ರಿ ಕೊಡುತ್ತಿದ್ದರು. 1998ರಲ್ಲಿ ಭಟ್ಟಿ ಆರಿತು. ಸುತ್ತಲೂ ಮಳಖೇಡ, ಸೇಡಂ, ವಾಡಿಗಳಲ್ಲಿ ಖಾಸಗಿಯವರ ಸಿಮೆಂಟು ಕಾರಖಾನೆಗಳು ಬೆಳೆಯುತ್ತಿರುವಾಗ, ಅದೇ ಕಲ್ಲಿನ ಮೇಲೆ ಕುಳಿತ ಸರಕಾರಿ ಕಾರಖಾನೆ ಸತ್ತಿತು. ಕಲ್ಲು ತೀರಿ ಸಾಯಲಿಲ್ಲ, ದುಡಿಯುವ ಕೈ ಇಲ್ಲದೆ ಸಾಯಲಿಲ್ಲ. ದೂರದ ದಿಲ್ಲಿಯ ಲೆಕ್ಕದಲ್ಲಿ ಸತ್ತಿತು. ನಮ್ಮ ಅನ್ನದ ತೀರ್ಮಾನ ನಮ್ಮ ಕೈಗೆಟುಕದ ಜಾಗದಲ್ಲಿ ಆಗುತ್ತದೆ ಎಂಬುದನ್ನು ಆ ಹಿರಿಯರು ಒಮ್ಮೆ ಕಂಡಿದ್ದಾರೆ. ಈಗ ಮಗನ ಅನ್ನದ ತೀರ್ಮಾನ ಬ್ಯಾಂಕಾಕಿನಲ್ಲಿ ಆಗಬೇಕಾಗಿದೆ.

ಎರಡನೆಯದು ಭಾಷೆಯ ಸಂಗತಿ. ನಮ್ಮ ಈ ಭಾಗ 1948ರ ಸೆಪ್ಟೆಂಬರ್ 17ರ ತನಕ ನಿಜಾಮರ ಆಳಿಕೆಯಲ್ಲಿತ್ತು. ಕಚೇರಿ, ಕೋರ್ಟು, ಮೇಲಿನ ಶಾಲೆ ಎಲ್ಲ ಉರ್ದುವಿನಲ್ಲಿ. 1918ರಲ್ಲಿ ಹೈದರಾಬಾದಿನಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಪಾಠವೂ ಉರ್ದುವಿನಲ್ಲೇ. ಮನೆಯಲ್ಲಿ ಕನ್ನಡವನ್ನೋ ತೆಲುಗನ್ನೋ ಆಡುವ ಮಗು ನೌಕರಿ ಬೇಕಾದರೆ ಉರ್ದು ಕಲಿಯಲೇಬೇಕಾಗಿತ್ತು. 1956ರ ನವೆಂಬರ್ 1ರಂದು ನಾವು ಮೈಸೂರು ರಾಜ್ಯಕ್ಕೆ ಸೇರಿದೆವು. ನೌಕರಿಯ ಭಾಷೆ ಬದಲಾಯಿತು. ಈಗ ಇಂಗ್ಲಿಷು ಬಾರದವನು ಯಾವ ಕೆಲಸಕ್ಕೂ ಬಾರದವನು ಎನ್ನುತ್ತಿದ್ದಾರೆ. ಉರ್ದು ಸೊಗಸಾದ ಭಾಷೆ, ಇಂಗ್ಲಿಷೂ ಜ್ಞಾನದ ಭಾಷೆ. ಯಾವ ಭಾಷೆಯ ಮೇಲೂ ನಮಗೆ ಹಗೆಯಿಲ್ಲ. ಆದರೆ ಯಾವ ಭಾಷೆಗೆ ಅನ್ನ ಹುಟ್ಟಬೇಕೆಂಬುದನ್ನು ಪ್ರತಿ ಸಲವೂ ಮೇಲೆ ಕುಳಿತವರು ಗೊತ್ತು ಮಾಡಿದರು, ಬಡವರು ಪ್ರತಿ ಸಲವೂ ಮೊದಲಿನಿಂದ ಅಕ್ಷರ ತಿದ್ದಿದರು.

ಸಮಾಜವಾದಿಗಳಾದ ನೀವು ಇಂಗ್ಲಿಷನ್ನು ವಿರೋಧಿಸುವವರಲ್ಲವೇ, ಇಂಗ್ಲಿಷ್ ಮಾಸ್ತರರ ಚಿಂತೆ ನಿಮಗೇಕೆ ಎಂದು ಯಾರಾದರೂ ಕೇಳಬಹುದು. ಲೋಹಿಯಾ ಅವರು ಇಂಗ್ಲಿಷನ್ನು ಬಲ್ಲವರು, ಜರ್ಮನಿಯ ಬರ್ಲಿನ್ನಿನಲ್ಲಿ ಡಾಕ್ಟರ್ ಪದವಿ ಪಡೆದವರು. ಅವರು ವಿರೋಧಿಸಿದ್ದು ಕಚೇರಿ, ಕೋರ್ಟುಗಳ ಸುತ್ತ ಇಂಗ್ಲಿಷಿನ ಬೇಲಿ ಹಾಕಿ ಬಡವರನ್ನು ಹೊರಗಿಡುವುದನ್ನು. ಬೇಲಿ ಇನ್ನೂ ಬಿದ್ದಿಲ್ಲ. ಅದು ಬೀಳುವ ತನಕ ಬಡವರ ಮಗುವಿಗೆ ಬೇಲಿ ದಾಟುವ ಏಣಿಯನ್ನಾದರೂ ಸರಕಾರಿ ಶಾಲೆ ಕೊಡಬೇಕು. ಹಾಗೆ ಕೊಡಬೇಕಾದರೆ ಅಲ್ಲಿ ಇಂಗ್ಲಿಷ್ ಮಾಸ್ತರ ಇರಬೇಕು. ಆ ಮಾಸ್ತರನೇ ಹೊಲ ಒತ್ತಿಯಿಟ್ಟು ಪರದೇಶಕ್ಕೆ ಹೊರಟಿದ್ದಾನೆ.

ಮಾಸ್ತರರ ಸರಪಳಿ

ನೆರೆಯ ಭೂತಾನದ ಕಥೆ ಕೇಳಿ. ಆ ದೇಶದ ಶಾಲೆಗಳಲ್ಲಿ ಪಾಠ ನಡೆಯುವುದೇ ಇಂಗ್ಲಿಷಿನಲ್ಲಿ. ಮೊದಲಿಗೆ ನಮ್ಮ ದೇಶದ ಶಿಕ್ಷಕರೇ ಅಲ್ಲಿ ಶಾಲೆಗಳನ್ನು ನಡೆಸಿಕೊಟ್ಟರು. ಮುಂದೆ ಅವರ ಜನರೇ ಶಿಕ್ಷಕರಾದರು. ಈಚಿನ ವರ್ಷಗಳಲ್ಲಿ ಆ ಶಿಕ್ಷಕರು ನೂರಾರು ಸಂಖ್ಯೆಯಲ್ಲಿ ನೌಕರಿ ಬಿಟ್ಟು ಆಸ್ಟ್ರೇಲಿಯಾಕ್ಕೆ ಹೋದರು. ಅಲ್ಲಿ ಅನೇಕರು ಮಾಡುವುದು ಮುದುಕರ ಆರೈಕೆ, ಕಟ್ಟಡ ಒರೆಸುವ ಕೆಲಸ. ಖಾಲಿಯಾದ ಜಾಗ ತುಂಬಲು ಭೂತಾನ ಮತ್ತೆ ಭಾರತದ ಕಡೆ ನೋಡಿತು. ನಮ್ಮ ಕೇಂದ್ರ ಸರಕಾರದ ಎಡ್‌ಸಿಲ್ ಎಂಬ ಸಂಸ್ಥೆ ಜಾಹೀರಾತು ಕೊಟ್ಟು ಅಲ್ಲಿಗೆ ಶಿಕ್ಷಕರನ್ನು ಆರಿಸಿದೆ. ಆಸ್ಟ್ರೇಲಿಯಾದ ಕೊರತೆ ಭೂತಾನವನ್ನು ಬರಿದು ಮಾಡುತ್ತದೆ, ಭೂತಾನದ ಕೊರತೆಯನ್ನು ಭಾರತ ತುಂಬುತ್ತದೆ. ಸೇಡಮ್ಮಿನ ಕೊರತೆಯನ್ನು ತುಂಬುವವರು ಯಾರು? ಸರಪಳಿಯ ಕೊನೆಯ ಕೊಂಡಿ ನಾವೇ, ನಮ್ಮ ನಂತರ ಯಾರೂ ಇಲ್ಲ.

ಕೊರತೆ ಎಷ್ಟೆಂಬುದನ್ನು ಫಲಿತಾಂಶವೇ ಹೇಳುತ್ತದೆ. 2025ರ ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ದಕ್ಷಿಣ ಕನ್ನಡದಲ್ಲಿ ನೂರಕ್ಕೆ 91 ಮಕ್ಕಳು ಪಾಸಾದರು. ನಮ್ಮ ಕಲಬುರಗಿಯಲ್ಲಿ ನೂರಕ್ಕೆ 42. ರಾಜ್ಯಕ್ಕೇ ಕಡೆಯ ಸ್ಥಾನ ನಮ್ಮದು. ಕನ್ನಡದಲ್ಲಿ ದೊರೆತಿರುವ ಮೊದಲ ಗ್ರಂಥವಾದ ಕವಿರಾಜಮಾರ್ಗ ಹುಟ್ಟಿದ ಮಳಖೇಡ ಇದೇ ಸೇಡಂ ತಾಲೂಕಿನಲ್ಲಿದೆ ಎಂದು ಭಾಷಣದಲ್ಲಿ ಎದೆ ತಟ್ಟಿಕೊಳ್ಳುವ ಮಂತ್ರಿಗಳು ಈ ಅಂಕಿಯನ್ನೂ ಭಾಷಣದಲ್ಲಿ ಹೇಳಲಿ. ನಮ್ಮ ಮಕ್ಕಳು ದಡ್ಡರೇ? ಅಲ್ಲ. ಕಾಯಂ ಮಾಸ್ತರರಿಲ್ಲದ ಶಾಲೆಗಳಲ್ಲಿ ಅವರು ಓದುತ್ತಿದ್ದಾರೆ.

ಕಾಯಂ ಮಾಸ್ತರರ ಬದಲಿಗೆ ಸರಕಾರ ಇಟ್ಟುಕೊಂಡದ್ದು ಅತಿಥಿ ಶಿಕ್ಷಕರನ್ನು. ಅತಿಥಿ ಎಂದರೆ ನಮ್ಮಲ್ಲಿ ದೇವರ ಸಮಾನ. ಈ ಅತಿಥಿಗೆ ತಿಂಗಳಿಗೆ ಹತ್ತು ಹನ್ನೆರಡು ಸಾವಿರ ರೂಪಾಯಿ ಗೌರವಧನ. ಅದೂ ಶಾಲೆ ನಡೆಯುವ ತಿಂಗಳುಗಳಿಗೆ ಮಾತ್ರ, ಅದೂ ಹಲವು ತಿಂಗಳು ಕಾಯಿಸಿ. ಬೇಸಿಗೆ ಬಂದರೆ ಕೆಲಸವಿಲ್ಲ, ಜೂನಿನಲ್ಲಿ ಮತ್ತೆ ಅರ್ಜಿ. ಪಕ್ಕದ ಕೋಣೆಯಲ್ಲಿ ಅದೇ ಪಾಠ ಹೇಳುವ ಕಾಯಂ ಶಿಕ್ಷಕರಿಗೆ ಇದರ ಹಲವು ಪಟ್ಟು ಪಗಾರ. ಥಾಯ್ಲೆಂಡಿನಲ್ಲಿ ಪಾಸ್‌ಪೋರ್ಟು ನೋಡಿ ಪಗಾರ ಇಳಿಸುತ್ತಾರೆಂದು ಸಿಟ್ಟು ಬಂದಿತಲ್ಲವೇ? ಇಲ್ಲಿ ನಮ್ಮದೇ ಸರಕಾರ ನೇಮಕಾತಿ ಪತ್ರದ ಒಂದು ಶಬ್ದ ನೋಡಿ ಅದನ್ನೇ ಮಾಡುತ್ತಿದೆ.

ಹಕ್ಕಿಲ್ಲವೆಂದಲ್ಲ. 2012ರ ಸಂವಿಧಾನ ತಿದ್ದುಪಡಿಯಿಂದ 371ಜೆ ಕಲಮು ಬಂತು. ನಮ್ಮ ಭಾಗದ ನೌಕರಿಗಳಲ್ಲಿ ನಮ್ಮ ಮಕ್ಕಳಿಗೆ ಮೀಸಲು ದೊರೆಯಿತು. 2022ರಲ್ಲಿ ರಾಜ್ಯ ಸರಕಾರ 15,000 ಪದವೀಧರ ಪ್ರಾಥಮಿಕ ಶಿಕ್ಷಕರ ನೇಮಕಕ್ಕೆ ಕರೆ ಕೊಟ್ಟಾಗ 5,000 ಜಾಗ ಕಲ್ಯಾಣ ಕರ್ನಾಟಕಕ್ಕೆ ಇತ್ತು, ಇಂಗ್ಲಿಷ್ ಶಿಕ್ಷಕರ ಜಾಗಗಳೂ ಅದರಲ್ಲಿದ್ದವು. ಆದರೆ ಇಂಥ ನೇಮಕ ಎಷ್ಟೋ ವರ್ಷಕ್ಕೊಮ್ಮೆ ಬರುವ ಜಾತ್ರೆಯಾಗಿದೆ. ಪರೀಕ್ಷೆ, ತಕರಾರು, ಕೋರ್ಟು, ಆದೇಶ ಎನ್ನುವಷ್ಟರಲ್ಲಿ ಹುಡುಗರ ವಯಸ್ಸು ಮೀರುತ್ತದೆ. ಆ ನಡುವಿನ ಬರಗಾಲದಲ್ಲೇ ದಲ್ಲಾಳಿಯ ಸುಗ್ಗಿ.

ನಾವು ಮಾಡಬೇಕಾದದ್ದು

ಮೊದಲನೆಯ ಮಾತು ತಂದೆತಾಯಿಗಳಿಗೆ. ಮಗ ಮಗಳು ಪರದೇಶಕ್ಕೆ ಹೋಗಲಿ, ಆದರೆ ಹೊಲ ಒತ್ತೆಯಿಟ್ಟು ಹೋಗುವುದು ಬೇಡ. ದುಡ್ಡು ಕೊಡುವ ಮೊದಲು ಏಜೆಂಟನ ನೋಂದಣಿ ನಂಬರನ್ನು ಕೇಂದ್ರ ಸರಕಾರದ ಇ-ಮೈಗ್ರೇಟ್ ಪಟ್ಟಿಯಲ್ಲಿ ನೋಡಿಸಿರಿ. ಶಾಲೆಯ ಹೆಸರು, ವಿಳಾಸ, ಪಗಾರ, ಅವಧಿ ಬರೆದ ಕರಾರುಪತ್ರವನ್ನು ಹೊರಡುವ ಮೊದಲೇ ಪಡೆಯಿರಿ. ಕೆಲಸದ ವೀಸಾ ಕೈಗೆ ಬರುವ ತನಕ ವಿಮಾನ ಹತ್ತಬಾರದು. ರಸೀದಿ ಇಲ್ಲದೆ ಒಂದು ರೂಪಾಯಿ ಕೊಡಬಾರದು. ಓದಲು ಬಾರದಿದ್ದರೆ ನಮ್ಮ ಪಕ್ಷದ ಕಚೇರಿಗೆ ಪತ್ರ ತನ್ನಿರಿ, ಓದಿ ಹೇಳುತ್ತೇವೆ; ಅದಕ್ಕೆ ಶುಲ್ಕವಿಲ್ಲ.

ಎರಡನೆಯದು ಸರಕಾರಕ್ಕೆ. ಭೂತಾನಕ್ಕೆ ಶಿಕ್ಷಕರನ್ನು ಸರಕಾರಿ ಸಂಸ್ಥೆಯೇ ಆರಿಸಿ ಕಳಿಸಬಹುದಾದರೆ, ಉಳಿದ ದೇಶಗಳಿಗೂ ಅದೇ ದಾರಿ ಏಕಾಗಬಾರದು? ಸರಕಾರ ಸರಕಾರದೊಡನೆ ಕರಾರು ಮಾಡಲಿ, ಪಗಾರಕ್ಕೆ ಜಾಮೀನು ನಿಲ್ಲಲಿ, ದಲಾಲಿ ಇಲ್ಲವಾಗಲಿ. ಜಿಲ್ಲೆಗೊಂದು ಕಚೇರಿ ತೆರೆದು ಹೋಗುವವರಿಗೆ ತಿಳಿವಳಿಕೆ ಕೊಡಲಿ. ಎಲ್ಲಕ್ಕೂ ಮೊದಲು ಈ ಭಾಗದ ಖಾಲಿ ಶಿಕ್ಷಕ ಹುದ್ದೆಗಳನ್ನು ಪ್ರತಿ ವರ್ಷ ತಪ್ಪದೆ ತುಂಬಲಿ. ತುಂಬುವ ತನಕ ಅತಿಥಿ ಶಿಕ್ಷಕರಿಗೆ ಹನ್ನೆರಡು ತಿಂಗಳ ಪಗಾರ, ತಿಂಗಳು ತಿಂಗಳು ಕೊಡಲಿ, ಮಾಡಿದ ಸೇವೆಗೆ ನೇಮಕದಲ್ಲಿ ಅಂಕ ಕೊಡಲಿ.

ಮೂರನೆಯದು ನಮ್ಮ ನಮ್ಮೊಳಗಿನ ಮಾತು. ದಾಲ್ ಮಿಲ್ಲಿನ ಹಮಾಲ ಬಂಧುಗಳೇ, ಸಿಮೆಂಟು ಕಾರಖಾನೆಯ ಗುತ್ತಿಗೆ ಕಾರ್ಮಿಕರೇ, ಬಿಳಿ ಅಂಗಿ ತೊಟ್ಟ ಅತಿಥಿ ಮಾಸ್ತರನೂ ನಿಮ್ಮಂತೆ ಗುತ್ತಿಗೆಯ ಆಳೇ. ನಿಮ್ಮ ಮಗುವಿಗೆ ಅಕ್ಷರ ಕಲಿಸುವ ಆಳು. ಅವನ ಹೋರಾಟಕ್ಕೆ ನಿಮ್ಮ ಸಂಘ ನಿಲ್ಲದಿದ್ದರೆ ಬೇರೆ ಯಾರೂ ನಿಲ್ಲುವುದಿಲ್ಲ. ಸಣ್ಣ ವ್ಯಾಪಾರಸ್ಥರೇ, ಆ ಮಾಸ್ತರನ ಉದ್ರಿ ನಿಮ್ಮ ಖಾತೆಯ ಪುಸ್ತಕದಲ್ಲಿದೆ. ಅವನಿಗೆ ನಾಲ್ಕು ತಿಂಗಳ ಪಗಾರ ಬಾರದಿದ್ದರೆ ನಿಮಗೂ ನಾಲ್ಕು ತಿಂಗಳ ಬಾಕಿ. ಅವನು ಒತ್ತಿಯಿಟ್ಟ ಹೊಲದ ಎರಡೂವರೆ ಲಕ್ಷ ಊರ ಪೇಟೆಯಲ್ಲಿ ಖರ್ಚಾಗದೆ ದಲ್ಲಾಳಿಯ ಜೇಬಿಗೆ ಹೋದರೆ ನಷ್ಟ ನಿಮ್ಮದೂ ಹೌದು.

ಕುರಕುಂಟೆಯ ಹುಡುಗನ ಪ್ರಶ್ನೆಗೆ ನಮ್ಮ ಹತ್ತಿರ ಇಂದು ಪೂರ್ತಿ ಉತ್ತರವಿಲ್ಲ, ಇದ್ದಂತೆ ನಟಿಸಲಾರೆವು. ಅವನ ತಂದೆ ಹೊಲ ಒತ್ತಿ ಇಟ್ಟಿಲ್ಲ. ಬರುವ ಮಳೆಗೆ ತೊಗರಿ ಬಿತ್ತುತ್ತೇವೆಂದು ಹೇಳಿ ಕಳಿಸಿದ್ದಾರೆ. ಹುಡುಗ ಜೂನಿನಲ್ಲಿ ಮತ್ತೆ ಅತಿಥಿ ಶಿಕ್ಷಕನ ಅರ್ಜಿ ಹಾಕುತ್ತಾನೆ, ಮುಂದಿನ ನೇಮಕದ ಪರೀಕ್ಷೆಗೆ ಓದುತ್ತಾನೆ. ಬರುವ ತಿಂಗಳು ಸೇಡಮ್ಮಿನಲ್ಲಿ ತಾಲೂಕಿನ ಅತಿಥಿ ಶಿಕ್ಷಕರನ್ನು ಒಂದೆಡೆ ಸೇರಿಸುವ ಕೆಲಸವನ್ನು ಅವನೇ ಹೊತ್ತಿದ್ದಾನೆ. ಮನವಿಪತ್ರವನ್ನು ಕನ್ನಡದಲ್ಲಿ ನಾವು ಬರೆಯುತ್ತೇವೆ, ದಿಲ್ಲಿಗೆ ಕಳಿಸುವ ಇಂಗ್ಲಿಷ್ ಪ್ರತಿಯನ್ನು ಅವನು ಬರೆಯುತ್ತಾನೆ. ಸಹಿ ಹಾಕಲು ತಾವೆಲ್ಲರೂ ಬರಬೇಕೆಂದು ಕೇಳಿಕೊಳ್ಳುತ್ತೇವೆ.